ಸುಟ್ಟ ನಗರದ ಇಟ್ಟಿಗೆಗಳು: ಬ್ಯಾಂಕಾಕಿನಲ್ಲಿ ಮೊದಲ ಮೂರು ದಿನ

ಇತಿಹಾಸದ ಪಾಠದಲ್ಲಿ ರಾಜಧಾನಿಯೊಂದು ಶತ್ರುಗಳ ವಶವಾಯಿತೆಂದರೆ ಅಲ್ಲಿಗೆ ಅಧ್ಯಾಯ ಮುಗಿಯುತ್ತದೆ. ಬದುಕುಳಿದ ಜನ ಎಲ್ಲಿಗೆ ಹೋದರು, ಏನನ್ನು ಹೊತ್ತೊಯ್ದರು ಎಂಬ ಪ್ರಶ್ನೆಗೆ ಪಠ್ಯಪುಸ್ತಕದಲ್ಲಿ ಸ್ಥಳವಿರುವುದಿಲ್ಲ. ನಿವೃತ್ತಿಯ ನಂತರ ಥಾಯ್ಲೆಂಡಿನ ಬ್ಯಾಂಕಾಕ್ ನಗರವನ್ನು ನೋಡಹೋದಾಗ ಈ ಪ್ರಶ್ನೆಗೆ ಒಂದು ಉತ್ತರ ದೊರೆಯಿತು. "ಟೀಚರ್, ಒಬ್ಬರೇ ಹೇಗೆ ಹೋದಿರಿ?" ಎಂದು ಕೇಳಿದ ವಿದ್ಯಾರ್ಥಿಗಳಿಗೂ, ಈ ವಯಸ್ಸಿನಲ್ಲಿ ಇದೇನೆಂದು ಗದರಿದ ಬಂಧುಗಳಿಗೂ ಈ ಬರಹವನ್ನು ಒಪ್ಪಿಸುತ್ತಿದ್ದೇನೆ.

ಸಯಾಮ್ ದೇಶದ ಹಳೆಯ ರಾಜಧಾನಿ ಅಯುತ್ಥಯಾ. ಹೆಸರು ನಮ್ಮ ಅಯೋಧ್ಯೆಯಿಂದಲೇ ಬಂದದ್ದು. ನಾಲ್ಕು ಶತಮಾನಗಳಿಗೂ ಹೆಚ್ಚು ಕಾಲ ಮೆರೆದ ಆ ನಗರವನ್ನು 1767ರಲ್ಲಿ ಬರ್ಮಾದ ಸೈನ್ಯ ಸುಟ್ಟು ಹಾಳುಗೆಡವಿತು. ತಾಕ್ಸಿನ್ ಎಂಬ ಸೇನಾನಾಯಕನು ಚದುರಿದವರನ್ನು ಒಗ್ಗೂಡಿಸಿ, ದಕ್ಷಿಣದಲ್ಲಿ ಚಾವೋ ಫ್ರಾಯಾ ನದಿಯ ಪಶ್ಚಿಮ ದಡದ ಥೋನ್‌ಬುರಿಯಲ್ಲಿ ನೆಲೆಯೂರಿದನು. 1782ರಲ್ಲಿ ಅವನು ಪದಚ್ಯುತನಾದ ಮೇಲೆ ಅವನ ಸೇನಾಪತಿಯೇ ಪಟ್ಟವೇರಿದನು. ಮೊದಲನೆಯ ರಾಮ ಎಂದು ಪ್ರಸಿದ್ಧನಾದ ಈ ದೊರೆ ರಾಜಧಾನಿಯನ್ನು ಪೂರ್ವದ ದಡಕ್ಕೆ ವರ್ಗಾಯಿಸಿದನು. ಅದೇ ಬ್ಯಾಂಕಾಕ್.

ಮೊದಲನೆಯ ದಿನ ನದಿಯ ದೋಣಿ ಹತ್ತಿದೆ. ಬೆಳಗಿನಲ್ಲೇ ಬೆವರಿಳಿಸುವ ಸೆಕೆ. ನದಿಯ ಮೇಲೆ ಮಾತ್ರ ತುಸು ಗಾಳಿ. ಅಯುತ್ಥಯಾದ ಗೋಡೆಗಳನ್ನು ಕಳಚಿ, ಆ ಇಟ್ಟಿಗೆಗಳನ್ನು ಇದೇ ನದಿಯಲ್ಲಿ ತೇಲಿಸಿ ತಂದು ಹೊಸ ನಗರವನ್ನು ಕಟ್ಟಿದರು. ನಗರದ ಸುತ್ತ ಇದ್ದ 14 ಕೊತ್ತಲಗಳಲ್ಲಿ ಇಂದು ಎರಡು ಮಾತ್ರ ಉಳಿದಿವೆ. ಅವುಗಳಲ್ಲೊಂದು ದಡದ ಬಳಿಯ ಬಿಳಿಯ ಫ್ರಾ ಸುಮೇನ್. ಸುಮೇನ್ ಎಂದರೆ ಸುಮೇರು ಪರ್ವತ!

ಎರಡನೆಯ ದಿನ ಅರಮನೆಯ ಆವರಣ. ಭುಜ, ಮೊಣಕಾಲು ಮುಚ್ಚುವ ಉಡುಪು ಅಲ್ಲಿ ಕಡ್ಡಾಯ, ಹೋಗುವವರು ನೆನಪಿಟ್ಟುಕೊಳ್ಳಿ. ದೇಗುಲದ ಸುತ್ತಣ ಮೊಗಸಾಲೆಯ ಗೋಡೆಗಳ ಮೇಲೆ 178 ಚಿತ್ರಗಳಲ್ಲಿ ರಾಮಕಥೆಯಿದೆ. ಹನುಮಂತ ಅಲ್ಲಿ ಬಿಳಿಯ ಬಣ್ಣದವನು. ಅಯುತ್ಥಯಾದೊಡನೆ ಬಹಳಷ್ಟು ಗ್ರಂಥಗಳು ನಾಶವಾಗಿದ್ದವು. ಆದುದರಿಂದ ದೊರೆಯು ವಿದ್ವಾಂಸರನ್ನು ಕೂಡಿಸಿ ರಾಮಕಥೆಯನ್ನು 'ರಾಮಕಿಯೆನ್' ಎಂಬ ಹೆಸರಿನಲ್ಲಿ ಹೊಸದಾಗಿ ಬರೆಯಿಸಿದನು.

ಸಮೀಪದ ವಾಟ್ ಫೋ ದೇಗುಲಕ್ಕೆ ಎಲ್ಲರೂ ಹೋಗುವುದು 46 ಮೀಟರ್ ಉದ್ದದ ಶಯನ ಬುದ್ಧನನ್ನು ನೋಡಲು. ನಾನು ಹೆಚ್ಚು ಹೊತ್ತು ನಿಂತದ್ದು ಹಸಿರು ಹೆಂಚಿನ ಒಂದು ಸ್ತೂಪದ ಮುಂದೆ. ಅಯುತ್ಥಯಾದಲ್ಲಿ ಚಿನ್ನ ಹೊದಿಸಿದ ಬೃಹತ್ ಬುದ್ಧಮೂರ್ತಿಯೊಂದಿತ್ತು. ಚಿನ್ನಕ್ಕಾಗಿ ಶತ್ರುಗಳು ಅದನ್ನು ಹಾಳುಮಾಡಿದರು. ದುರಸ್ತಿಗೆ ಮೀರಿದ ಆ ಮೂರ್ತಿಯ ಅವಶೇಷವನ್ನು ಇಲ್ಲಿಗೆ ತಂದು, ಅದರ ಮೇಲೆಯೇ ಈ ಸ್ತೂಪವನ್ನು ಎತ್ತಿಸಿದರು. ಸರಿಪಡಿಸಲಾಗದ್ದನ್ನೂ ಅವರು ಎಸೆಯಲಿಲ್ಲ.

ಆದರೆ ಇತಿಹಾಸವನ್ನು ಕಲಿಸಿದವಳು ಇಲ್ಲಿಗೇ ನಿಲ್ಲಿಸುವಂತಿಲ್ಲ. ಅರಮನೆಯ ದೇಗುಲದಲ್ಲಿ ಪೂಜೆಗೊಳ್ಳುವ ಪ್ರಸಿದ್ಧ ಪಚ್ಚೆಯ ಬುದ್ಧ, ಲಾವೋಸಿನ ವಿಯೆಂಟಿಯಾನ್ ನಗರವನ್ನು ಗೆದ್ದಾಗ ಸಯಾಮಿನ ಸೈನ್ಯ ತಂದದ್ದು. ಆ ದಂಡಯಾತ್ರೆಯ ನಾಯಕ ಮುಂದೆ ಮೊದಲನೆಯ ರಾಮನಾದವನೇ. ಹೊಸ ನಗರದ ಕಾಲುವೆ ತೋಡಲು, ಗೋಡೆ ಕಟ್ಟಲು ಖ್ಮೇರ್ ಮತ್ತು ಲಾವೋ ಜನರನ್ನು ದುಡಿಸಿಕೊಂಡರು. ಅರಮನೆ ಎದ್ದ ಜಾಗದಲ್ಲಿ ಮೊದಲೇ ನೆಲೆಸಿದ್ದ ಚೀನೀ ವರ್ತಕರನ್ನು ಕೋಟೆಯ ಹೊರಗಿನ ಸಂಪೆಂಗಿಗೆ ಕಳುಹಿಸಿದರು.

ಮೂರನೆಯ ದಿನ ಆ ಸಂಪೆಂಗಿಗೇ ಹೋದೆ. ಇಬ್ಬರು ಜೊತೆಯಾಗಿ ನಡೆಯಲಾರದಷ್ಟು ಇಕ್ಕಟ್ಟಿನ ಓಣಿ. ಗುಂಡಿ, ದಾರ, ಬಟ್ಟೆಗಳ ಅಂಗಡಿಸಾಲು. ಹಳದಿ ಬಾವುಟದ ಮೇಲೆ ಕೆಂಪು ಅಕ್ಷರ ಬರೆದ ಚೀನೀ ಸಸ್ಯಾಹಾರದ ಅಂಗಡಿಯೊಂದರಲ್ಲಿ ಊಟವೂ ದೊರೆಯಿತು. ಎಬ್ಬಿಸಿ ಕಳುಹಿಸಲ್ಪಟ್ಟವರ ಆ ಕೇರಿ 240 ವರ್ಷಗಳ ನಂತರವೂ ವ್ಯಾಪಾರದಿಂದ ಗಿಜಿಗುಟ್ಟುತ್ತಿದೆ.

ತಮ್ಮ ನಗರವನ್ನು ಕಳೆದುಕೊಂಡವರು ಅದನ್ನು ಮತ್ತೆ ಕಟ್ಟಿಕೊಂಡದ್ದು ದೊಡ್ಡ ಸಾಹಸ. ಹಾಗೆ ಕಟ್ಟುವಾಗ ಇನ್ನೊಬ್ಬರ ನೆಲೆ ತಪ್ಪಿಸಿದ್ದೂ ಅಷ್ಟೇ ಸತ್ಯ. ಎರಡನ್ನೂ ಒಟ್ಟಿಗೆ ಹೇಳಿದಾಗಲೇ ಪಾಠ ಪೂರ್ಣವಾಗುತ್ತದೆ. ನಿಮ್ಮಲ್ಲಿ ಅನೇಕರು ಈಗ ಮಕ್ಕಳಿಗೆ ಪಾಠ ಹೇಳಿಕೊಡುವ ತಂದೆತಾಯಿಗಳು. ಯಾವುದಾದರೂ ರಾಜಧಾನಿ ಬಿದ್ದ ಇಸವಿಯನ್ನು ಅವರು ಬಾಯಿಪಾಠ ಮಾಡುತ್ತಿದ್ದರೆ, "ಆಮೇಲೆ ಅಲ್ಲಿಯ ಜನ ಏನಾದರು?" ಎಂದು ಒಮ್ಮೆ ಕೇಳಿ ನೋಡಿ.