ತಲೆಕಟ್ಟಿನ ಪಂಚು: ಕನ್ನಡ ಅಚ್ಚುಮೊಳೆಯ ಸುಧಾರಣೆ ಮತ್ತು ತೆಲಂಗಾಣದ ಮೂರು ಗಡಿ ಊರುಗಳು

ಕನ್ನಡ ಮುದ್ರಣದ ಚರಿತ್ರೆಯನ್ನು ನಾವು ಬಹುಮಟ್ಟಿಗೆ ಪುಸ್ತಕಗಳ ಚರಿತ್ರೆಯಾಗಿಯೇ ಬರೆದುಕೊಂಡು ಬಂದಿದ್ದೇವೆ. ಯಾವ ಅಚ್ಚುಕೂಟ, ಯಾವ ವರ್ಷ, ಯಾವ ವ್ಯಾಕರಣ, ಯಾವ ನಿಘಂಟು ಎಂಬಲ್ಲಿಗೆ ವಿಚಾರಣೆ ನಿಂತುಬಿಡುತ್ತದೆ. ಆ ಪುಸ್ತಕಗಳ ಅಕ್ಷರಗಳು ಹುಟ್ಟಿದ್ದು ಉಕ್ಕಿನ ಕಡ್ಡಿಯ ತುದಿಯಲ್ಲಿ, ಅರ ಹಿಡಿದ ಕೈಯಲ್ಲಿ. ಆ ತುದಿಯಲ್ಲಿ ಆದ ಸುಧಾರಣೆಯ ತಿರುಳು ಅಕ್ಷರವನ್ನು ಎಲ್ಲಿ ಬಿಡಿ ಭಾಗಗಳಾಗಿ ಬಿಡಿಸಬೇಕು, ಎಲ್ಲಿ ಬಿಡಿಸಬಾರದು ಎಂಬ ತೀರ್ಮಾನ ಎಂಬುದು ಈ ಲೇಖನದ ವಾದ. ಕೈಬರಹದಲ್ಲಿ ಒಂದರೊಳಗೊಂದು ಬೆರೆತಿದ್ದ ಕನ್ನಡ ಮತ್ತು ತೆಲುಗು ಲಿಪಿಗಳ ನಡುವಿನ ಗೆರೆಯನ್ನು ಗಟ್ಟಿ ಮಾಡಿದ್ದರಲ್ಲೂ ಅದೇ ತೀರ್ಮಾನದ ಪಾಲು ದೊಡ್ಡದು. ಇದನ್ನು ಪರೀಕ್ಷಿಸಲು ಎರಡೂ ಲಿಪಿಗಳು ಒಂದೇ ಬೀದಿಯಲ್ಲಿ ಓದಿಸಿಕೊಳ್ಳುವ ಜಹೀರಾಬಾದ್, ನಾರಾಯಣಖೇಡ್, ತಾಂಡೂರುಗಳಿಗಿಂತ ತಕ್ಕ ಜಾಗ ಸಿಗುವುದು ಕಷ್ಟ.

ಈ ಮೂರೂ ಊರುಗಳು ಇಂದು ತೆಲಂಗಾಣದಲ್ಲಿವೆ. ಮೊದಲ ಎರಡು ಸಂಗಾರೆಡ್ಡಿ ಜಿಲ್ಲೆಗೆ, ತಾಂಡೂರು ವಿಕಾರಾಬಾದ್ ಜಿಲ್ಲೆಗೆ ಸೇರಿವೆ. 1956ರ ನವೆಂಬರ್ 1ರ ತನಕ ಜಹೀರಾಬಾದ್ ಮತ್ತು ನಾರಾಯಣಖೇಡ್ ತಾಲೂಕುಗಳು ಬೀದರ್ ಜಿಲ್ಲೆಯಲ್ಲಿದ್ದವು, ತಾಂಡೂರು ಗುಲ್ಬರ್ಗಾ ಜಿಲ್ಲೆಯಲ್ಲಿತ್ತು. ರಾಜ್ಯ ಪುನರ್ವಿಂಗಡಣೆಯ ಕಾಯ್ದೆ ನಿರ್ಣಾ ವಲಯವನ್ನು ಬಿಟ್ಟು ಉಳಿದ ಜಹೀರಾಬಾದ್ ತಾಲೂಕನ್ನು, ಬೀದರ್ ತಾಲೂಕಿನ ನ್ಯಾಲ್ಕಲ್ ವಲಯವನ್ನು, ನಾರಾಯಣಖೇಡ್ ಮತ್ತು ತಾಂಡೂರು ತಾಲೂಕುಗಳನ್ನು ಆಂಧ್ರಪ್ರದೇಶಕ್ಕೆ ಕೊಟ್ಟಿತು. ಒಂದು ತಾಲೂಕಿನೊಳಗಿಂದ ಒಂದು ವಲಯವನ್ನು ಹೆಕ್ಕಿ ತೆಗೆಯುವಷ್ಟು ಸೂಕ್ಷ್ಮವಾಗಿ ಎಳೆದ ಗಡಿಗೂ ಜನರ ಓದು ಬರಹ ಒಗ್ಗಲಿಲ್ಲ. ಮನೆಯಲ್ಲಿ ಕನ್ನಡ, ಶಾಲೆಯಲ್ಲಿ ತೆಲುಗು, ಹಳೆಯ ಜಮೀನಿನ ಕಾಗದದಲ್ಲಿ ಉರ್ದು ಇರುವ ಕುಟುಂಬಗಳು ಈ ಸೀಮೆಯಲ್ಲಿ ಇಂದಿಗೂ ಇವೆ. ಬೀದರಿನಿಂದ ಬರುವ ಕಲ್ಯಾಣ ಕರ್ನಾಟಕ ಸಾರಿಗೆಯ ಬಸ್ಸು ಕನ್ನಡ ಫಲಕ ಹೊತ್ತು ಜಹೀರಾಬಾದಿನಲ್ಲಿ ನಿಲ್ಲುತ್ತದೆ; ಪಕ್ಕದಲ್ಲೇ ತೆಲಂಗಾಣ ಸಾರಿಗೆಯ ತೆಲುಗು ಫಲಕ. ಎರಡನ್ನೂ ಒಟ್ಟಿಗೆ ನೋಡಿದವರಿಗೆ ಮೊದಲು ಕಾಣುವ ವ್ಯತ್ಯಾಸ ಅಕ್ಷರದ ಒಡಲಿನದಲ್ಲ, ತಲೆಯದು. ಕನ್ನಡದ ತಲೆಕಟ್ಟು ಅಡ್ಡಲಾಗಿ ಹರಿದು ಬಲತುದಿಯಲ್ಲಿ ಬಾಗುತ್ತದೆ. ತೆಲುಗಿನದು ಮೇಲೆ ಗೀಟು ಹಾಕಿದಂತೆ ಚಿಮ್ಮಿ ನಿಲ್ಲುತ್ತದೆ.

ಈ ವ್ಯತ್ಯಾಸ ಲೋಹದಲ್ಲಿ ಹೇಗೆ ನೆಲೆಯಾಯಿತು ಎಂದು ತಿಳಿಯಲು ಪಂಚಿನ, ಎಂದರೆ ತುದಿಯಲ್ಲಿ ಅಕ್ಷರ ಕಡೆದ ಉಕ್ಕಿನ ಕಡ್ಡಿಯ, ಕೆಲಸವನ್ನು ಇಲ್ಲಿ ಸ್ವಲ್ಪ ಬಿಡಿಸಿ ಹೇಳಬೇಕು. ಮೆದು ಮಾಡಿದ ಉಕ್ಕಿನ ಸಣ್ಣ ಕಡ್ಡಿಯೊಂದರ ತುದಿಯನ್ನು ಮಟ್ಟವಾಗಿ ಉಜ್ಜಿ, ಅದರ ಮೇಲೆ ಅಕ್ಷರವನ್ನು ಎಡಬಲ ತಿರುಗಿಸಿ ಕಡೆಯುತ್ತಾರೆ. ಅಕ್ಷರದ ಹೊರಮೈಗೆ ಅರ ಸಾಕು. ಒಳಗಿನ ಖಾಲಿ ಜಾಗಕ್ಕೆ, ಎಂದರೆ ‘ಬ’ದ ಹೊಟ್ಟೆಗೆ, ‘ಲ’ದ ಸುರುಳಿಯ ಒಳಕ್ಕೆ, ಅರ ಹೋಗುವುದಿಲ್ಲ. ಅಲ್ಲಿಗೆ ಇನ್ನೊಂದು ಪುಟ್ಟ ಪಂಚು ಬೇಕು. ಖಾಲಿ ಜಾಗದ ಆಕಾರವನ್ನೇ ಹೊತ್ತ ಆ ಒಳಪಂಚನ್ನು ಕಡ್ಡಿಯ ತುದಿಗೆ ಇಟ್ಟು ಹೊಡೆದು ತಗ್ಗು ಮಾಡುತ್ತಾರೆ, ಆಮೇಲೆ ಸುತ್ತಲಿನ ಉಕ್ಕನ್ನು ಅರದಿಂದ ತೆಗೆಯುತ್ತಾರೆ. ನಡುನಡುವೆ ತುದಿಯನ್ನು ದೀಪದ ಹೊಗೆಗೆ ಹಿಡಿದು, ಮಸಿ ಹತ್ತಿದ ಮೇಲೆ ಕಾಗದಕ್ಕೆ ಒತ್ತಿ ನೋಡುತ್ತಾರೆ. ಅಕ್ಷರ ಒಪ್ಪಿದ ಮೇಲೆ ಕಡ್ಡಿಯನ್ನು ಕೆಂಪಗೆ ಕಾಯಿಸಿ ತಣ್ಣನೆಯ ನೀರಿಗೋ ಎಣ್ಣೆಗೋ ಅದ್ದಿದರೆ ಉಕ್ಕು ಗಡುಸಾಗುತ್ತದೆ. ಆ ಗಡುಸಿನಲ್ಲೇ ಬಿಟ್ಟರೆ ಹೊಡೆತಕ್ಕೆ ಚೂರಾಗುವುದರಿಂದ, ಹುಲ್ಲಿನ ಹಳದಿ ಬಣ್ಣ ಬರುವಷ್ಟು ಮತ್ತೆ ಹದವಾಗಿ ಕಾಯಿಸುತ್ತಾರೆ. ಈ ಪಂಚನ್ನು ತಾಮ್ರದ ತುಂಡಿಗೆ ಹೊಡೆದಾಗ ಸಿಗುವುದು ಪಡಿಯಚ್ಚು, ಅಂದರೆ ಮ್ಯಾಟ್ರಿಕ್ಸ್. ಅದರ ಅಂಚುಗಳನ್ನು ಉಜ್ಜಿ, ಆಳವನ್ನೂ ಅಗಲವನ್ನೂ ಸರಿಪಡಿಸಿ, ಎರಕದ ಅಚ್ಚಿಗೆ ಕೂರಿಸಿ, ಸೀಸ, ಆಂಟಿಮನಿ, ತವರಗಳ ಮಿಶ್ರಲೋಹ ಸುರಿದರೆ ಮೊಳೆ ತಯಾರು. ಮೊಳೆ ಸವೆಯುತ್ತದೆ, ಕರಗಿಸಿ ಮತ್ತೆ ಎರಕ ಹೊಯ್ಯಬಹುದು. ಪಂಚು ಉಳಿದಿದ್ದರೆ ಲಿಪಿ ಉಳಿದಂತೆ.

ಈ ಮಾತಿಗೆ ಬಂಗಾಳದ ಶ್ರೀರಾಮಪುರದ ಬೆಂಕಿಯೇ ಸಾಕ್ಷಿ. 1812ರ ಮಾರ್ಚ್ 11ರ ರಾತ್ರಿ ಅಲ್ಲಿಯ ಮಿಷನ್ ಅಚ್ಚುಕೂಟ ಸುಟ್ಟುಹೋಯಿತು. ಪಾದ್ರಿ ವಿಲಿಯಂ ಕೇರಿಯ ಕನ್ನಡ ಹೊಸ ಒಡಂಬಡಿಕೆಯ ಹಸ್ತಪ್ರತಿ ಬೂದಿಯಾಯಿತು, ಹಲವು ಭಾಷೆಗಳ ಮೊಳೆಗಳು ಕರಗಿ ಲೋಹದ ಮುದ್ದೆಯಾದವು. ಅವಶೇಷದೊಳಗೆ ಉಕ್ಕಿನ ಪಂಚುಗಳೂ ಪಡಿಯಚ್ಚುಗಳೂ ಸಿಕ್ಕಿದವು. ಕರಗಿದ ಲೋಹವನ್ನೇ ಬಳಸಿ ಎರಕ ಮತ್ತೆ ಶುರುವಾಯಿತು. ಐದು ವರ್ಷಗಳ ಮೇಲೆ, 1817ರಲ್ಲಿ, ಕೇರಿಯ ಕನ್ನಡ ವ್ಯಾಕರಣ ಅಲ್ಲಿಂದಲೇ ಹೊರಬಂತು. ಅಲ್ಲಿ ಪಂಚು ಕಡೆದವರು ಬಂಗಾಳದ ಕಮ್ಮಾರ ಕುಲದವರು. 1778ರ ಹಾಲ್‌ಹೆಡ್ಡನ ಬಂಗಾಳಿ ವ್ಯಾಕರಣಕ್ಕಾಗಿ ಚಾರ್ಲ್ಸ್ ವಿಲ್ಕಿನ್ಸ್‌ನ ಜೊತೆ ಕೆಲಸ ಮಾಡಿದ್ದ ಪಂಚಾನನ ಕರ್ಮಕಾರ, ಅವನ ಬಳಿಕ ಅಳಿಯ ಮನೋಹರ. ದೇವನಾಗರಿಯ ಒಂದು ಮೊಳೆಗೊಂಚಲಿಗೆ ಅವರು ಹಾಕಿಕೊಂಡ ಲೆಕ್ಕ 700 ಪಂಚು. ಇಷ್ಟು ದುಡಿಮೆಯನ್ನು ನಿಂತು ಮಾಡಿದವರ ಹೆಸರು ನಮ್ಮ ಮುದ್ರಣ ಚರಿತ್ರೆಗಳಲ್ಲಿ ಪಾದ್ರಿಗಳ ಹೆಸರಿನ ಹಿಂದೆ ಮರೆಯಾಗಿರುವುದು ನನಗೆ ನೋವಿನ ಸಂಗತಿ.

ಕನ್ನಡಕ್ಕೆ ಎಷ್ಟು ಪಂಚು ಬೇಕು? ಕಾಗುಣಿತದ ಪ್ರತಿ ರೂಪವನ್ನೂ ಇಡಿಯಾಗಿ ಕಡೆದರೆ ಒಂದು ವ್ಯಂಜನಕ್ಕೆ ‘ಕ’ದಿಂದ ‘ಕೌ’ವರೆಗೆ 13, ಅರೆವ್ಯಂಜನ ‘ಕ್’ ಸೇರಿ 14. ವ್ಯಂಜನಗಳು 34 ಆದ್ದರಿಂದ 476. ಇದಕ್ಕೆ 34 ಒತ್ತಕ್ಷರ ಸೇರಿದರೆ 510. ಸ್ವರ, ಅಂಕಿ, ಅರ್ಕಾವೊತ್ತು, ಚಿಹ್ನೆಗಳ ಲೆಕ್ಕ ಬೇರೆ. ಈಗ ಅಕ್ಷರವನ್ನು ಬಿಡಿಸಿ ನೋಡೋಣ. ಕನ್ನಡದಲ್ಲಿ ತಲೆಯ ಮೇಲೆ ಬದಲಾವಣೆ ಆಗುವುದು ಕೆಲವೇ ಕಡೆ: ತಲೆಕಟ್ಟಿನ ‘ಕ’, ತಲೆಕಟ್ಟು ಕಳಚಿ ಇಳಿಗೆ ಎಡೆಕೊಡುವ ‘ಕ’, ಗುಡಿಸಿನ ‘ಕಿ’, ಎತ್ವದ ‘ಕೆ’, ಮತ್ತು ‘ಕ್’. ಉಳಿದುದೆಲ್ಲ ಬಲಗಡೆ ನಿಲ್ಲುವ ಗುರುತು. ‘ಕೀ’ ಎಂದರೆ ‘ಕಿ’ಗೆ ದೀರ್ಘ, ‘ಕೇ’ ಎಂದರೆ ‘ಕೆ’ಗೆ ಅದೇ ದೀರ್ಘ. ‘ಕೊ’ ಎಂದರೆ ‘ಕೆ’ಗೆ ಕೊಂಬಿನಿಳಿ, ‘ಕೋ’ ಎಂದರೆ ಅದಕ್ಕೆ ಮತ್ತೆ ದೀರ್ಘ. ಹೀಗೆ ಐದು ರೂಪ, 34 ವ್ಯಂಜನ: 170. ಒತ್ತಕ್ಷರ 34. ಇಳಿ, ಕೊಂಬು, ಕೊಂಬಿನಿಳಿ, ವಟ್ರಸುಳಿ, ದೀರ್ಘ, ಐತ್ವ, ಔತ್ವ ಎಂಬ ಏಳು ಬಲಗುರುತು. ಒಟ್ಟು 211. ಅರ್ಧಕ್ಕಿಂತ ಕಡಿಮೆ ಪಂಚಿನಲ್ಲಿ ಕೆಲಸ ಮುಗಿಯುತ್ತದೆ.

ಮೊಳೆಗಳನ್ನು ಇಡುವ ನಿಜವಾದ ಪೆಟ್ಟಿಗೆಯ, ಎಂದರೆ ಕೇಸಿನ, ಖಾನೆಗಳು ಈ ಎರಡು ಲೆಕ್ಕಗಳ ನಡುವೆ ಎಲ್ಲೋ ನಿಲ್ಲಬೇಕಾಗುತ್ತದೆ, ಏಕೆಂದರೆ ಲಿಪಿ ಅಷ್ಟು ಸುಲಭವಾಗಿ ಬಿಡಿಸಿಕೊಳ್ಳುವುದಿಲ್ಲ. ‘ಪು’, ‘ವು’ಗಳಲ್ಲಿ ಕೊಂಬು ‘ಕು’ವಿನಲ್ಲಿ ಇರುವ ಜಾಗದಲ್ಲಿ ಕೂರದೆ ಕೆಳಗಿಳಿದು ಸೇರುತ್ತದೆ, ಮೇಲೆ ಕೂತರೆ ‘ವು’ ಎಂಬುದು ‘ಮ’ ಆಗಿಬಿಡುತ್ತದೆ. ‘ಮ’, ‘ಯ’, ‘ಝ’ಗಳ ಎತ್ವ ಒತ್ವಗಳಿಗೂ ಬೇರೆಯದೇ ಹಾದಿ. ಇವುಗಳಿಗೆ ಇಡೀ ಪಂಚೇ ಬೇಕು. ಬಿಡಿಸಿದ ಕಡೆಯಲ್ಲೂ ಸಂದಿನ ತೊಂದರೆ ಉಂಟು. ‘ಕೆ’ಯ ಮೊಳೆಯ ಪಕ್ಕ ದೀರ್ಘದ ಮೊಳೆ ಕೂತಾಗ ನಡುವೆ ಕೂದಲೆಳೆಯಷ್ಟು ಬಿಳಿ ಉಳಿದರೂ ದೀರ್ಘ ಮುಂದಿನ ಅಕ್ಷರಕ್ಕೆ ಸೇರಿದಂತೆ ಕಾಣುತ್ತದೆ. ಇದನ್ನು ಸರಿಪಡಿಸುವ ಜಾಗ ತಾಮ್ರದ ಪಡಿಯಚ್ಚಿನ ಎಡ ಅಂಚು. ಅಲ್ಲಿ ಒಮ್ಮೆ ಅರ ಹೆಚ್ಚು ಆಡಿದರೆ ಆ ಪಡಿಯಚ್ಚಿನಿಂದ ಎರಕವಾಗುವ ಪ್ರತಿ ದೀರ್ಘವೂ ಹಿಂದಿನ ಅಕ್ಷರವನ್ನು ಒತ್ತುತ್ತದೆ. ಕನ್ನಡ ಪುಟ ಓದಲು ಹಿತವಾಗಿದೆ ಎಂದು ನಾವು ಹೇಳುವಾಗ, ಗೊತ್ತಿಲ್ಲದೆಯೇ ಈ ಅಂಚಿನ ಕೆಲಸವನ್ನು ಮೆಚ್ಚುತ್ತಿರುತ್ತೇವೆ.

ಇದೇ ಲೆಕ್ಕವನ್ನು ತೆಲುಗಿಗೆ ಹಾಕಿದರೆ ಉತ್ತರ ಬೇರೆ ಬರುತ್ತದೆ. ತೆಲುಗಿನಲ್ಲಿ ಆ, ಇ, ಈ, ಎ, ಏ, ಒ, ಓ, ಔ ಸ್ವರಗಳ ಗುರುತುಗಳೆಲ್ಲ ತಲೆಯ ಮೇಲೆಯೇ ಕೂರುತ್ತವೆ. ಬಲಗಡೆ ಬೇರೆ ಮೊಳೆಯಾಗಿ ನಿಲ್ಲಬಲ್ಲ ದೀರ್ಘ ಅಲ್ಲಿಲ್ಲ. ಹಾಗಾಗಿ ತೆಲುಗಿನ ಪಂಚು ಕಡೆಯುವವನು ಒಂದೋ ಪ್ರತಿ ವ್ಯಂಜನಕ್ಕೂ ಹೆಚ್ಚು ಇಡೀ ರೂಪಗಳನ್ನು ಕಡೆಯಬೇಕು, ಇಲ್ಲವೇ ಮೊಳೆಯ ಮೈಯಿಂದ ಹೊರಚಾಚುವ ತಲೆಗುರುತುಗಳನ್ನು ಮಾಡಬೇಕು. ಚಾಚಿದ ಭಾಗದ ಕೆಳಗೆ ಆಧಾರವಿಲ್ಲದ್ದರಿಂದ ಅಚ್ಚಿನ ಒತ್ತಡಕ್ಕೆ ಅದು ಮುರಿಯುತ್ತದೆ. ಕನ್ನಡದ ಗುಣಿತ ಬಲಕ್ಕೆ ಹರಡಿಕೊಂಡದ್ದು ಲೋಹಕ್ಕೆ ಒಗ್ಗಿತು. ಎರಡು ಲಿಪಿಗಳು ಲೋಹದಲ್ಲಿ ಬೇರೆ ಬೇರೆ ದಾರಿ ಹಿಡಿದದ್ದಕ್ಕೆ ಭಾಷಾಭಿಮಾನದಷ್ಟೇ ಈ ಕಾರಣವೂ ಬಲವಾದದ್ದು ಎಂದು ನನ್ನ ನಂಬಿಕೆ.

ಆದರೂ ಒಂದಾಗಿ ಉಳಿದ ಭಾಗವೊಂದಿದೆ. ತಲೆಕಟ್ಟೇ ಇಲ್ಲದ ಎಂಟು ವ್ಯಂಜನಗಳನ್ನು ನೋಡಿ: ಖ, ಙ, ಜ, ಞ, ಟ, ಣ, ಬ, ಲ. ತೆಲುಗಿನಲ್ಲೂ ಈ ಎಂಟಕ್ಕೆ ತಲೆಕಟ್ಟಿಲ್ಲ, ಮತ್ತು ಎರಡೂ ಲಿಪಿಗಳಲ್ಲಿ ಇವುಗಳ ರೂಪ ಬಹುತೇಕ ಒಂದೇ. ಒಂದು ಪಂಚು ಎರಡಕ್ಕೂ ಸಲ್ಲುತ್ತದೆ. ‘ಕ’, ‘ತ’, ‘ಶ’ಗಳಲ್ಲಿ ಒಡಲೇ ಬೇರೆಯಾಗಿದೆ. ಗ, ದ, ನ, ಪ, ರ, ವಗಳಂಥ ಅಕ್ಷರಗಳಲ್ಲಿ ತಲೆಕಟ್ಟನ್ನು ಮುಚ್ಚಿ ನೋಡಿದರೆ ಯಾವ ಲಿಪಿ ಎಂದು ಹೇಳುವುದು ಕಷ್ಟ. ಕಲ್ಯಾಣದ ಚಾಲುಕ್ಯರ ಕಾಲದ ಶಾಸನಗಳು ಈ ಸೀಮೆಯಲ್ಲೂ ತೆಲಂಗಾಣದ ಒಳನಾಡಿನಲ್ಲೂ ಹರಡಿವೆ. ಅವುಗಳ ಲಿಪಿಯನ್ನು ವಿದ್ವಾಂಸರು ಕನ್ನಡ–ತೆಲುಗು ಲಿಪಿ ಎಂದೇ ಕರೆಯುತ್ತಾರೆ. ಕಲ್ಲಿನಲ್ಲಿ ಶತಮಾನಗಳ ಕಾಲ ಒಂದಾಗಿದ್ದದ್ದು ಉಕ್ಕಿನಲ್ಲಿ ಕೆಲವೇ ದಶಕಗಳಲ್ಲಿ ಎರಡಾಗಿ ನಿಂತಿತು. ಬರೆಯುವವನ ಕೈ ಎರಡರ ನಡುವಿನ ರೂಪವೊಂದನ್ನು ಬರೆಯಬಲ್ಲದು. ಕೇಸಿನ ಖಾನೆಯಲ್ಲಿ ನಡುವಿನ ರೂಪ ಇರುವುದಿಲ್ಲ.

ಅಕ್ಷರ ಚಿಕ್ಕದಾದಷ್ಟೂ ಪಂಚಿನ ಕಷ್ಟ ಹೆಚ್ಚುತ್ತದೆ. ‘ರ’ ಮತ್ತು ‘ಠ’ಗಳ ಅಂತರ ಒಳಗಿನ ಒಂದು ಚುಕ್ಕೆ. ‘ದ’ಕ್ಕೆ ಕೆಳಗೆ ಸೀಳು ಹಾಕಿದರೆ ‘ಧ’, ಅದರೊಳಗೆ ಚುಕ್ಕೆ ಇಟ್ಟರೆ ‘ಥ’. ಶಾಲೆಯಲ್ಲಿ ನಾವೆಲ್ಲ ಕಲಿತ ಹೊಟ್ಟೆ ಸೀಳಿದ ‘ಷ’ದ ಸೀಳು ಮುಚ್ಚಿಕೊಂಡರೆ ಅದು ‘ಪ’ದ ಹತ್ತಿರ ಹೋಗುತ್ತದೆ. ಮಸಿ ಹೆಚ್ಚಾದಾಗ, ಕಾಗದ ಒರಟಾದಾಗ ಮೊದಲು ತುಂಬಿಹೋಗುವುದು ಇಂಥ ಸೀಳು ಮತ್ತು ಒಳಬಿಳಿ. ಅದಕ್ಕೆ ಪಂಚಿನಲ್ಲೇ ಮದ್ದು ಮಾಡಬೇಕು. ಚುಕ್ಕೆಯನ್ನು ಕಿರಿದು ಮಾಡಿ ಹೊಟ್ಟೆಯನ್ನು ಒಂದಿಷ್ಟು ಅಗಲಿಸಬೇಕು, ಸೀಳನ್ನು ಕಣ್ಣಿಗೆ ಬೇಕಾದುದಕ್ಕಿಂತ ಆಳವಾಗಿ ತೆಗೆಯಬೇಕು. ದ, ಧ, ಥ ಮೂರಕ್ಕೂ ಒಂದೇ ಒಳಪಂಚು ಬಳಸಿದರೆ ಮೂರರ ಹೊಟ್ಟೆಯೂ ಒಂದೇ ಅಳತೆಗೆ ಬರುತ್ತದೆ, ಪುಟದ ಬಣ್ಣ ಸಮನಾಗುತ್ತದೆ. ಇದರ ಜೊತೆಗೆ ಒತ್ತಕ್ಷರದ ಜಾಗದ ಪ್ರಶ್ನೆ. ಒತ್ತನ್ನು ಅಕ್ಷರದ ನೇರ ಕೆಳಗೆ ಇಟ್ಟರೆ ಸಾಲಿನ ಎತ್ತರ ಬೆಳೆಯುತ್ತದೆ. ಅದನ್ನು ಕಿರಿದು ಮಾಡಿ ಬಲಬದಿಗೆ ಸರಿಸಿದಾಗ ಸಾಲುಗಳು ಹತ್ತಿರ ಬಂದವು, ಕಾಗದ ಉಳಿಯಿತು. ನಿಘಂಟುಗಳ ಸಾಲನ್ನೇ ನೋಡಿ: ವಿಲಿಯಂ ರೀವನ ಕನ್ನಡ–ಇಂಗ್ಲಿಷ್ ನಿಘಂಟು ಮದ್ರಾಸಿನಲ್ಲಿ 1832ರಲ್ಲಿ ಬಂತು. ಅದನ್ನೇ ತಿದ್ದಿ ಬೆಳೆಸಿದ ಡೇನಿಯಲ್ ಸ್ಯಾಂಡರ್ಸನ್ನನ ಆವೃತ್ತಿ ಬೆಂಗಳೂರಿನ ವೆಸ್ಲಿಯನ್ ಮಿಷನ್ ಅಚ್ಚುಕೂಟದಿಂದ 1858ರಲ್ಲಿ ಹೊರಬಂತು. 1894ರ ಕಿಟ್ಟೆಲ್ ನಿಘಂಟು ಸುಮಾರು 70,000 ಪದಗಳನ್ನು 1,700ಕ್ಕೂ ಹೆಚ್ಚು ಪುಟಗಳ ಒಂದೇ ಸಂಪುಟದಲ್ಲಿ ಹಿಡಿದಿಟ್ಟಿತು. ಚಿಕ್ಕ ಮೈಯ, ಸೀಳು ತುಂಬದ ಮೊಳೆಯಿಲ್ಲದೆ ಅಂಥ ಸಂಪುಟ ಸಾಧ್ಯವಿರಲಿಲ್ಲ. ಹಳಗನ್ನಡದ ಱ, ೞ ಅಕ್ಷರಗಳಿಗೂ ಅದರಲ್ಲಿ ಮೊಳೆ ಬೇಕಾಯಿತು.

ನಮ್ಮ ಮೂರು ಊರುಗಳನ್ನು ಆಳಿದ ಹೈದರಾಬಾದ್ ಸಂಸ್ಥಾನದಲ್ಲಿ ಅಧಿಕಾರದ ಅಚ್ಚು ಬೇರೆಯೇ ಜಾಡಿನಲ್ಲಿತ್ತು. ಉರ್ದುವಿನ ನಸ್ತಾಲೀಖ್ ಬರಹ ಮೇಲಿನಿಂದ ಕೆಳಕ್ಕೆ ಓರೆಯಾಗಿ ಇಳಿಯುತ್ತದೆ, ಅದನ್ನು ಮೊಳೆಗಳಾಗಿ ಕತ್ತರಿಸುವುದು ಬಹಳ ಕಷ್ಟ. ಆದ್ದರಿಂದ ಲಿಪಿಕಾರ ಬರೆದದ್ದನ್ನೇ ಕಲ್ಲಿಗೆ ಇಳಿಸಿ ಮುದ್ರಿಸುವ ಕಲ್ಲಚ್ಚು ಅಲ್ಲಿ ಬಹುಕಾಲ ನಡೆಯಿತು. ಉರ್ದುವಿಗೆ ಒಪ್ಪುವ ಯಂತ್ರಜೋಡಣೆ ಮಿರ್ಜಾ ಅಹ್ಮದ್ ಜಮೀಲರ ನೂರಿ ನಸ್ತಾಲೀಖ್ ಬಂದ 1981ರ ತನಕ ಕೈಗೂಡಲಿಲ್ಲ. ಕನ್ನಡವೂ ಕಲ್ಲಚ್ಚಿನ ರುಚಿ ಕಂಡದ್ದೇ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಆರಂಭಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆ. ಕಲ್ಲಚ್ಚಿನಲ್ಲಿ ಅಕ್ಷರವನ್ನು ಬಿಡಿಸುವ ಪ್ರಶ್ನೆಯೇ ಏಳುವುದಿಲ್ಲ. ಕನ್ನಡಕ್ಕೆ ಅಲ್ಲಿಂದ ಮೊಳೆಗೆ ದಾಟಲು ಸಾಧ್ಯವಾದದ್ದು ಬಿಡಿಸಿದರೂ ಕೆಡದ ಅದರ ಗುಣಿತದಿಂದ.

ಪಂಚು ಮಾಡುವ ರೀತಿಯೂ ಬದಲಾಯಿತು. 1840ರ ದಶಕದಿಂದ ವಿದ್ಯುತ್ತಿನಿಂದ ತಾಮ್ರ ಕೂರಿಸಿ ಪಡಿಯಚ್ಚು ಬೆಳೆಸುವ ವಿಧಾನ ಬಂತು. ಒಳ್ಳೆಯ ಮೊಳೆ ಕೈಯಲ್ಲಿದ್ದರೆ ಪಂಚಿಲ್ಲದೆಯೇ ಅದರ ನಕಲು ತೆಗೆಯಬಹುದಾಯಿತು. 1880ರ ದಶಕದಲ್ಲಿ ಅಮೆರಿಕದ ಲಿನ್ ಬಾಯ್ಡ್ ಬೆಂಟನ್ ರೂಪಿಸಿದ ಯಂತ್ರ ದೊಡ್ಡ ಚಿತ್ರದ ಗೆರೆಯನ್ನು ಅನುಸರಿಸಿ ಪಂಚನ್ನು ಕಡೆಯುವಂತೆ ಮಾಡಿತು. ಎರಡರಿಂದಲೂ ವೇಗ ಹೆಚ್ಚಿತು. ಆದರೆ ತಲೆಕಟ್ಟನ್ನು ಎಲ್ಲಿ ಕಳಚಬೇಕು ಎಂಬ ತೀರ್ಮಾನವನ್ನು ಯಂತ್ರ ಮಾಡಲಿಲ್ಲ. ಇಂದಿನ ಗಣಕದ ಫಾಂಟಿನಲ್ಲೂ ತಲೆಕಟ್ಟಿಲ್ಲದ ‘ಕ’ ಬೇರೆ ಚಿತ್ರವಾಗಿ ಕೂತಿದೆ. ಯೂನಿಕೋಡಿನಲ್ಲಿ ತೆಲುಗು ಮತ್ತು ಕನ್ನಡ ಅಕ್ಕಪಕ್ಕದ ಬೇರೆ ಬೇರೆ ಮನೆಗಳಲ್ಲಿವೆ.

ಇನ್ನು ಮುಂದಿನ ಕೆಲಸಕ್ಕೆ ಒಂದು ಸೂಚನೆ. ಈ ಮೂರು ಊರುಗಳ ಮನೆ, ಮಠ, ಅಂಗಡಿಗಳ ಹಳೆಯ ಪೆಟ್ಟಿಗೆಗಳಲ್ಲಿ ಮೊಳೆ ಜೋಡಿಸಿ ಅಚ್ಚು ಹಾಕಿದ ಲಗ್ನಪತ್ರಿಕೆ, ಜಾತ್ರೆಯ ಕರಪತ್ರ, ರಸೀದಿಗಳನ್ನು ಹುಡುಕಬೇಕು. ಅದರಲ್ಲೂ ಒಂದೇ ಹಾಳೆಯಲ್ಲಿ ಕನ್ನಡ ಮತ್ತು ತೆಲುಗು ಎರಡೂ ಇರುವಂಥವು ಅಮೂಲ್ಯ. ಭೂತಗನ್ನಡಿ ಹಿಡಿದು ತಲೆಕಟ್ಟಿಲ್ಲದ ಎಂಟು ಅಕ್ಷರಗಳನ್ನು ಎರಡೂ ಸಾಲುಗಳಲ್ಲಿ ಅಳೆಯಬೇಕು. ಅಗಲ, ಗೆರೆಯ ದಪ್ಪ, ಸುರುಳಿಯ ತಿರುವು ಮೂರೂ ಹೊಂದಿದರೆ ಎರಡು ಲಿಪಿಗಳಿಗೂ ಒಂದೇ ಪಂಚು ದುಡಿದಿದೆ ಎಂದು ಊಹಿಸಲು ಆಧಾರ ಸಿಗುತ್ತದೆ. ‘ಪು’, ‘ವು’ಗಳ ಕೊಂಬು ಬಿಡಿ ಮೊಳೆಯೋ ಇಡೀ ಮೊಳೆಯೋ ಎಂಬುದು ಯಾವ ಎರಕದ ಮನೆಯದು ಎಂದು ಗುರುತಿಸಲು ನೆರವಾಗುತ್ತದೆ. ಅಳತೆಯನ್ನು ‘ಬ’ ಮತ್ತು ‘ಲ’ಗಳಿಂದ ಆರಂಭಿಸುವುದು ಒಳ್ಳೆಯದು, ಅವುಗಳ ಒಳಬಿಳಿ ದೊಡ್ಡದು, ಮಸಿ ಹರಡಿದ್ದರೂ ಅಂಚು ಸಿಗುತ್ತದೆ. ‘ಣ’, ‘ಞ’ಗಳ ಸಣ್ಣ ಸಂದುಗಳನ್ನು ಸ್ವಚ್ಛವಾಗಿ ಅಚ್ಚಾದ ಪ್ರತಿ ಸಿಕ್ಕಾಗ ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಬೇಕು.