ಮೈಸೂರಿನಲ್ಲಿ ಕೌಟುಂಬಿಕ ದೌರ್ಜನ್ಯ ಮತ್ತು ಕಾನೂನು

ಗಂಡ ಅಥವಾ ಮನೆಯವರು ಹೆಣ್ಣಿಗೆ ಕೊಡುವ ದೈಹಿಕ, ಮಾನಸಿಕ, ಲೈಂಗಿಕ, ಆರ್ಥಿಕ ಹಿಂಸೆಯನ್ನು ಕಾನೂನು ಕೌಟುಂಬಿಕ ದೌರ್ಜನ್ಯ ಎನ್ನುತ್ತದೆ. ಹೆಣ್ಣುಮಕ್ಕಳ ವಿಚಾರದಲ್ಲಿ ಬ್ರಿಟಿಷ್ ಇಂಡಿಯಾಕ್ಕಿಂತ ಮುಂದಿದ್ದೆವೆಂಬ ಹೆಗ್ಗಳಿಕೆ ಮೈಸೂರು ಸಂಸ್ಥಾನದ್ದು. ಬಹುಮಟ್ಟಿಗೆ ಅದು ನಿಜವೂ ಹೌದು. ಆದರೆ ಸಂಸ್ಥಾನದ ಸುಧಾರಣೆ ವಿದ್ಯೆ, ಮದುವೆಯ ವಯಸ್ಸು, ಆಸ್ತಿ ಇವುಗಳ ಸುತ್ತಲೇ ನಡೆಯಿತು. ಹೆಂಡತಿಗೆ ಬೀಳುವ ಏಟನ್ನೇ ಪ್ರತ್ಯೇಕ ಅಪರಾಧವೆಂದು ಹೆಸರಿಸುವ ಕಾನೂನು ಆ ಕಾಲದಲ್ಲಿ ಬರಲಿಲ್ಲ.

1881ರಲ್ಲಿ ಅಂಬಳೆ ನರಸಿಂಹ ಅಯ್ಯಂಗಾರರು ಅರಮನೆಯ ಬೆಂಬಲದಿಂದ ಹೆಣ್ಣುಮಕ್ಕಳ ಶಾಲೆ ತೆರೆದರು. ಮಹಾರಾಣಿ ಕಾಲೇಜಿನ ಮೂಲ ಅದೇ. ದಿವಾನ್ ಕೆ. ಶೇಷಾದ್ರಿ ಅಯ್ಯರ್ ಅವರ ಕಾಲದಲ್ಲಿ, 1894ರಲ್ಲಿ, ಶಿಶುವಿವಾಹ ತಡೆ ಶಾಸನ ಬಂತು. ಎಂಟು ತುಂಬದ ಹುಡುಗಿಯ ಮದುವೆಯನ್ನೂ, ಐವತ್ತು ದಾಟಿದ ಗಂಡಸು ಹದಿನಾಲ್ಕರೊಳಗಿನ ಹುಡುಗಿಯನ್ನು ಕಟ್ಟಿಕೊಳ್ಳುವುದನ್ನೂ ಅದು ನಿಷೇಧಿಸಿತು. ಬಾಲ್ಯವಿವಾಹ ತಡೆಯಲು ಬ್ರಿಟಿಷ್ ಇಂಡಿಯಾ ತಂದ ಶಾರದಾ ಕಾಯ್ದೆಗೆ ಇನ್ನೂ ಮೂವತ್ತೈದು ವರ್ಷ ಬಾಕಿಯಿತ್ತು, ದಿಟ. ಆದರೂ ಒಂಬತ್ತರ ಹುಡುಗಿಯನ್ನು ನಲವತ್ತೈದರವನಿಗೆ ಕೊಡಲು ಈ ಶಾಸನದ ಅಡ್ಡಿಯೇನೂ ಇರಲಿಲ್ಲ. 1933ರ ಹಿಂದೂ ಕಾನೂನು ಮಹಿಳಾ ಹಕ್ಕುಗಳ ಕಾಯ್ದೆ ಅವಿಭಕ್ತ ಕುಟುಂಬದ ಆಸ್ತಿ ಪಾಲಾಗುವಾಗ ಹೆಂಗಸರಿಗೂ ಭಾಗ ಕೊಟ್ಟಿತು, ಸ್ತ್ರೀಧನದ ವ್ಯಾಪ್ತಿಯನ್ನು ಹಿಗ್ಗಿಸಿತು. ಹೊಡೆತಬಡಿತಕ್ಕೆ ಮಾತ್ರ ಸಾಮಾನ್ಯ ದಂಡಸಂಹಿತೆಯೇ ಗತಿ. ಅಲ್ಲಿಗೂ ಹೋದವರು ಎಷ್ಟು ಮಂದಿ? ತವರಿನ ಹಿರಿಯರು ನಾಲ್ಕು ಬುದ್ಧಿಮಾತು ಹೇಳಿ ವಾಪಸು ಕಳಿಸುವುದೇ ರೂಢಿ.

ಬೀದಿಗಿಳಿದು ಮಾತಾಡುವ ಮಹಿಳಾ ಸಂಘಟನೆ ಮೈಸೂರು ನಗರದಲ್ಲಿ ಕಾಣಿಸಿಕೊಂಡದ್ದು 1970ರ ದಶಕದ ಕೊನೆಗೆ. ಸಮತಾ ವೇದಿಕೆ ಆಗ ಹುಟ್ಟಿತು. ರಂಗಕರ್ಮಿ ರಾಮೇಶ್ವರಿ ವರ್ಮ ಅದರ ಪ್ರಮುಖರಲ್ಲೊಬ್ಬರು. ದೇಶದೆಲ್ಲೆಡೆ ವರದಕ್ಷಿಣೆ ಸಾವುಗಳ ವಿರುದ್ಧ ಹೋರಾಟ ಕಾವೇರಿದ್ದ ಹೊತ್ತು. 1983ರಲ್ಲಿ ದಂಡಸಂಹಿತೆಗೆ 498ಎ ಕಲಂ ಸೇರಿತು, ಗಂಡ ಮತ್ತು ಅವನ ಬಂಧುಗಳ ಕ್ರೌರ್ಯ ಜೈಲುಶಿಕ್ಷೆಯ ಅಪರಾಧವಾಯಿತು. 2024ರ ಜುಲೈ 1ರಿಂದ ಇದು ಭಾರತೀಯ ನ್ಯಾಯ ಸಂಹಿತೆಯ 85ನೇ ಕಲಂ.

ಕೇಸು ಹಾಕಿದವಳು ಆ ರಾತ್ರಿ ಮಲಗುವುದೆಲ್ಲಿ ಎಂಬ ಪ್ರಶ್ನೆಗೆ 498ಎಯಲ್ಲಿ ಉತ್ತರವಿರಲಿಲ್ಲ. ಪಾರ್ವತಮ್ಮ ರಾಜ್‌ಕುಮಾರ್ ಮುಂದಾಳತ್ವದಲ್ಲಿ ನಗರದಲ್ಲಿ ಶುರುವಾದ ಶಕ್ತಿಧಾಮದಂಥ ಆಶ್ರಯಗಳು, ಸರ್ಕಾರದ ಸಾಂತ್ವನ ಕೇಂದ್ರಗಳು ಈ ಕೊರತೆಯನ್ನು ಒಂದಿಷ್ಟು ತುಂಬಿದವು. 2005ರ ಕೌಟುಂಬಿಕ ದೌರ್ಜನ್ಯ ಕಾಯ್ದೆ 2006ರ ಅಕ್ಟೋಬರ್ 26ರಂದು ಜಾರಿಗೆ ಬಂದಾಗ, ಮನೆ ಯಾರ ಹೆಸರಿನಲ್ಲಿದ್ದರೂ ಅಲ್ಲೇ ಇರುವ ಹಕ್ಕು ಹೆಂಗಸಿಗೆ ದಕ್ಕಿತು. ಕರ್ನಾಟಕದಲ್ಲಿ ತಾಲ್ಲೂಕಿನ ಶಿಶು ಅಭಿವೃದ್ಧಿ ಯೋಜನಾಧಿಕಾರಿಯೇ ಇದರ ಸಂರಕ್ಷಣಾಧಿಕಾರಿ. ಅಂಗನವಾಡಿಯ ಹೊರೆ ಹೊತ್ತವರ ತಲೆಗೇ ಈ ಹೊಣೆಯನ್ನೂ ಕಟ್ಟಿದ್ದು ಈ ಏರ್ಪಾಡಿನ ದೊಡ್ಡ ದೋಷ. ಅವರು ಭರ್ತಿ ಮಾಡುವ ಕೌಟುಂಬಿಕ ಘಟನಾ ವರದಿಯ ನಮೂನೆ ಮಾತ್ರ ಓದಬೇಕಾದದ್ದು. ಕಪಾಳಕ್ಕೆ ಹೊಡೆತ, ಕಚ್ಚುವುದು, ಒದೆಯುವುದು, ತಳ್ಳುವುದು. ಗಂಡು ಹೆರಲಿಲ್ಲವೆಂಬ ಹಂಗಣೆ. ಮನೆಖರ್ಚಿಗೆ ದುಡ್ಡು ಕೊಡದಿರುವುದು, ಬಾಡಿಗೆ ಕಟ್ಟದಿರುವುದು, ಕೆಲಸಕ್ಕೆ ಹೋಗಬಿಡದಿರುವುದು, ಸ್ತ್ರೀಧನ ಮಾರಿಬಿಡುವುದು. ಪ್ರತಿಯೊಂದಕ್ಕೂ ಅದರಲ್ಲಿ ಜಾಗವಿದೆ. ಬಾಯಿಬಿಟ್ಟು ಹೇಳಲಾಗದವಳು ಗುರುತು ಹಾಕಿದರೂ ಸಾಕು.

ಗಂಡನಿಂದ ಹಿಂಸೆ ಅನುಭವಿಸಿದ ವಿವಾಹಿತೆಯರ ಪ್ರಮಾಣ ಕರ್ನಾಟಕದಲ್ಲಿ ನಾಲ್ಕನೇ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯಲ್ಲಿ ಶೇ. 20.6 ಇದ್ದದ್ದು, ಐದನೆಯದರಲ್ಲಿ ಶೇ. 44.4ಕ್ಕೆ ಏರಿತು, ದೇಶದಲ್ಲೇ ಅತಿ ಹೆಚ್ಚು. ಹಿಂಸೆ ಹೆಚ್ಚಿತೋ, ಹೇಳಿಕೊಳ್ಳುವ ಧೈರ್ಯ ಹೆಚ್ಚಿತೋ, ಅಂಕಿಯೊಂದರಿಂದಲೇ ತೀರ್ಮಾನಿಸಲಾಗದು. ಈ ವಿಷಯದಲ್ಲಿ ಸಮೀಕ್ಷೆ ಜಿಲ್ಲಾವಾರು ಲೆಕ್ಕ ಕೊಡದ ಕಾರಣ ಮೈಸೂರಿನ ಪಾಲು ಬೇರೆಯಾಗಿ ಸಿಗುವುದಿಲ್ಲ.

ಮಲಗುವ ಕೋಣೆಯ ಬಾಗಿಲಲ್ಲಿ ದಂಡಕಾನೂನು ಹಿಂದಿನಂತೆಯೇ ನಿಂತಿದೆ. ಹದಿನೆಂಟು ತುಂಬಿದ ಹೆಂಡತಿಯ ಮೇಲೆ ಗಂಡ ನಡೆಸುವ ಬಲಾತ್ಕಾರ ನ್ಯಾಯ ಸಂಹಿತೆಯಲ್ಲೂ ಅತ್ಯಾಚಾರವಲ್ಲ. 2022ರ ಮಾರ್ಚ್ 23ರಂದು ಕರ್ನಾಟಕ ಹೈಕೋರ್ಟಿನ ನ್ಯಾಯಮೂರ್ತಿ ಎಂ. ನಾಗಪ್ರಸನ್ನ ಅವರು ಅಂಥ ಆರೋಪ ಹೊತ್ತ ಗಂಡನೊಬ್ಬನ ವಿಚಾರಣೆ ಮುಂದುವರಿಯಲಿ ಎಂದರು. ಅದೇ ವರ್ಷದ ಜುಲೈನಲ್ಲಿ ಸುಪ್ರೀಂ ಕೋರ್ಟ್ ಆ ಆದೇಶಕ್ಕೆ ತಡೆ ನೀಡಿತು.