ಹದಿನೈದಕ್ಕೂ ಐವತ್ತಕ್ಕೂ ನಡುವೆ: ಸಣ್ಣ ಜಪಾನಿ ಬೈಕುಗಳ ಚರಿತ್ರೆ

ವಾಹನಗಳ ವಯಸ್ಸಿನ ಬಗ್ಗೆ ನಮ್ಮ ದೇಶದ ಕಾನೂನಿನಲ್ಲಿ ಎರಡು ಅಂಕಿಗಳು ಮುಖ್ಯವಾಗಿವೆ. ಮೊದಲನೆಯದು 15. ಹದಿನೈದು ವರ್ಷ ದಾಟಿದ ಖಾಸಗಿ ವಾಹನದ ನೋಂದಣಿಯನ್ನು ತಪಾಸಣೆ ಮಾಡಿಸಿ ನವೀಕರಿಸಿಕೊಳ್ಳಬೇಕು. ದೆಹಲಿ ಮತ್ತು ಅದರ ಸುತ್ತಲಿನ ರಾಜಧಾನಿ ವಲಯದಲ್ಲಿ ನಿಯಮ ಇನ್ನೂ ಕಠಿಣ. ಅಷ್ಟು ವಯಸ್ಸಾದ ಪೆಟ್ರೋಲ್ ವಾಹನ ಅಲ್ಲಿ ಓಡಲೇಬಾರದೆಂಬ ಹಸಿರು ನ್ಯಾಯಮಂಡಳಿಯ ಆದೇಶವನ್ನು 2018ರಲ್ಲಿ ಸುಪ್ರೀಂ ಕೋರ್ಟ್ ಎತ್ತಿಹಿಡಿಯಿತು. ಅದರ ಜಾರಿಯ ಬಗ್ಗೆ ವಾದವಿವಾದಗಳು ಆಮೇಲೂ ನಡೆದಿವೆ. ಎರಡನೆಯ ಅಂಕಿ 50. ಕೇಂದ್ರ ಮೋಟಾರು ವಾಹನ ನಿಯಮಗಳಿಗೆ 2021ರಲ್ಲಿ ತಂದ ತಿದ್ದುಪಡಿಯ ಪ್ರಕಾರ, ಮೊದಲ ನೋಂದಣಿಯಾಗಿ ಐವತ್ತು ವರ್ಷ ಕಳೆದ, ಮೂಲ ಸ್ವರೂಪ ಕೆಡದ ವಾಹನಕ್ಕೆ ‘ವಿಂಟೇಜ್’ ಎಂಬ ಮಾನ್ಯತೆ ದೊರೆಯುತ್ತದೆ. ಅದರ ನಂಬರ್ ಪ್ಲೇಟಿನಲ್ಲಿ ‘ವಿಎ’ ಎಂಬ ಅಕ್ಷರಗಳಿರುತ್ತವೆ.

ಹದಿನೈದಕ್ಕೆ ಮುದಿತನ, ಐವತ್ತಕ್ಕೆ ಗೌರವ. ನಡುವಿನ ಮೂವತ್ತೈದು ವರ್ಷಗಳಿಗೆ ಕಾನೂನಿನಲ್ಲಿ ಹೆಸರಿಲ್ಲ. 1984ರಿಂದ 1986ರ ನಡುವೆ ಭಾರತದ ರಸ್ತೆಗಿಳಿದ ನೂರು ಸಿಸಿಯ ನಾಲ್ಕು ಜಪಾನಿ ಬೈಕುಗಳು ಇಂದು ಈ ಹೆಸರಿಲ್ಲದ ಅವಧಿಯಲ್ಲಿವೆ. ಇಂಡ್-ಸುಜುಕಿ, ಹೀರೋ ಹೋಂಡಾ, ಯಮಹಾ ಆರ್‌ಎಕ್ಸ್ 100 ಮತ್ತು ಕವಾಸಾಕಿ ಬಜಾಜ್ ಎಂಬ ಆ ಹೆಸರುಗಳನ್ನು ನಮ್ಮ ತಲೆಮಾರಿನವರಿಗೆ ಪರಿಚಯಿಸಬೇಕಾಗಿಲ್ಲ. ಈ ಯಂತ್ರಗಳ ಸೊಗಸು ಎಲ್ಲಿಂದ ಬಂತು, ಅವು ಏಕೆ ಸದ್ದಿಲ್ಲದೆ ಮರೆಯಾಗುತ್ತಿವೆ ಎಂಬ ಎರಡು ಪ್ರಶ್ನೆಗಳಿಗೂ ಉತ್ತರ ಒಂದೇ ಎಂದು ನನಗೆ ತೋರುತ್ತದೆ. ಅವು ದಿನದಿನದ ಬಳಕೆಗಾಗಿ ಹುಟ್ಟಿದವು. ಈ ಮಾತು ಅರ್ಥವಾಗಬೇಕಾದರೆ ಅವುಗಳ ತವರಿಗೆ ಹೋಗಬೇಕು.

ಜಪಾನಿನ ಪೆಸಿಫಿಕ್ ಕರಾವಳಿಯ ಶಿಜುವೊಕಾ ಪ್ರಾಂತದಲ್ಲಿ ಹಮಮತ್ಸು ಎಂಬ ಪಟ್ಟಣವಿದೆ. ಜಪಾನಿನ ನಾಲ್ಕು ದೊಡ್ಡ ಮೋಟಾರ್‌ಸೈಕಲ್ ಸಂಸ್ಥೆಗಳಲ್ಲಿ ಮೂರರ ಬೇರುಗಳು ಈ ಒಂದೇ ಊರಿನಲ್ಲಿವೆ. ಮಿಚಿಯೊ ಸುಜುಕಿ 1909ರಲ್ಲಿ ಇಲ್ಲಿ ಮಗ್ಗಗಳನ್ನು ತಯಾರಿಸುವ ಕೆಲಸ ಆರಂಭಿಸಿದ. ತೊರಾಕುಸು ಯಮಹಾ 1887ರಲ್ಲಿ ಇಲ್ಲಿನ ಶಾಲೆಯೊಂದರ ಕೆಟ್ಟುಹೋದ ಹಾರ್ಮೋನಿಯಂ ಮಾದರಿಯ ಆರ್ಗನ್ ದುರಸ್ತಿ ಮಾಡಿ, ಮುಂದೆ ತಾನೇ ವಾದ್ಯಗಳನ್ನು ತಯಾರಿಸತೊಡಗಿದ. ಯಮಹಾ ಬೈಕಿನ ಟ್ಯಾಂಕಿನ ಮೇಲಿನ ಮೂರು ಶ್ರುತಿಕವಲುಗಳ ಲಾಂಛನ ಆ ವಾದ್ಯಗಳ ಕಾಲದ ಗುರುತು. ಮೂರನೆಯವನು ಸೊಯಿಚಿರೊ ಹೋಂಡಾ, ಈ ಊರಿಗೆ ಹತ್ತಿರದ ಹಳ್ಳಿಯೊಂದರಲ್ಲಿ 1906ರಲ್ಲಿ ಹುಟ್ಟಿದ ಕಮ್ಮಾರನ ಮಗ. ಅವನ ತಂದೆ ಕುಲುಮೆಯ ಕೆಲಸದ ಜೊತೆಗೆ ಸೈಕಲ್ ರಿಪೇರಿಯನ್ನೂ ಮಾಡುತ್ತಿದ್ದ. ಮಗ್ಗ, ವಾದ್ಯ, ಕುಲುಮೆ ಈ ಮೂರೂ ಕೈಕಸುಬಿನ ಲೋಕಗಳು ಎಂಬುದನ್ನು ನೆನಪಿನಲ್ಲಿಡಬೇಕು.

1946ರಲ್ಲಿ ಜಪಾನು ಸೋತು ಸುಣ್ಣವಾಗಿದ್ದ ದೇಶ. ರೈಲುಗಳು ಕಿಕ್ಕಿರಿದಿದ್ದವು, ಅಕ್ಕಿ ತರಿತರಕಾರಿಗಳಿಗಾಗಿ ಪಟ್ಟಣದ ಜನ ಹಳ್ಳಿಗಳಿಗೆ ಸೈಕಲ್ ತುಳಿದುಕೊಂಡು ಹೋಗುತ್ತಿದ್ದರು. ಸೈನ್ಯದ ನಿಸ್ತಂತು ಯಂತ್ರಗಳಿಗೆ ವಿದ್ಯುತ್ ಒದಗಿಸುತ್ತಿದ್ದ ಪುಟ್ಟ ಜನರೇಟರ್ ಎಂಜಿನ್ನುಗಳು ಯುದ್ಧಾನಂತರ ನಿರುಪಯೋಗಿಯಾಗಿ ಉಳಿದಿದ್ದವು. ಹೋಂಡಾ ಅಂಥ ಸುಮಾರು ಐನೂರು ಎಂಜಿನ್ನುಗಳನ್ನು ತಂದು ಸೈಕಲ್ಲುಗಳಿಗೆ ಜೋಡಿಸಿದ. ಮೊದಲ ಮಾದರಿಗೆ ಪೆಟ್ರೋಲ್ ಟ್ಯಾಂಕಾಗಿ ಬಳಕೆಯಾದದ್ದು ಚಳಿಗಾಲದಲ್ಲಿ ಹಾಸಿಗೆ ಬೆಚ್ಚಗಿಡುವ ಬಿಸಿನೀರಿನ ಡಬ್ಬಿ. ಅದನ್ನು ಮೊದಲು ಓಡಿಸಿ ನೋಡಿದವರಲ್ಲಿ ಹೋಂಡಾನ ಹೆಂಡತಿ ಸಾಚಿ ಒಬ್ಬಳು. ತಂದ ಎಂಜಿನ್ನುಗಳು ಮುಗಿದ ಮೇಲೆ, 1947ರಲ್ಲಿ, ಹೋಂಡಾ ತನ್ನದೇ ಐವತ್ತು ಸಿಸಿಯ ‘ಎ ಟೈಪ್’ ಎಂಜಿನ್ ತಯಾರಿಸಿದ. ಅದರ ಸದ್ದು ಕೇಳಿ ಜನ ಇಟ್ಟ ಅಡ್ಡಹೆಸರು ‘ಬಾತಾ-ಬಾತಾ’. ನಮ್ಮ ಉತ್ತರ ಕರ್ನಾಟಕದ ಹಿರಿಯರು ಮೋಟಾರ್‌ಸೈಕಲ್ಲನ್ನು ‘ಫಟಫಟಿ’ ಎಂದರು, ದೆಹಲಿಯವರು ‘ಫಟ್‌ಫಟಿಯಾ’ ಎಂದರು. ಸಾವಿರಾರು ಮೈಲಿ ದೂರದ ಜನರ ಕಿವಿ ಒಂದೇ ಬಗೆಯಲ್ಲಿ ಹೆಸರಿಟ್ಟದ್ದು ಸಂತೋಷದ ಸಂಗತಿ.

ಉಳಿದಿಬ್ಬರೂ ಹಿಂದೆ ಬೀಳಲಿಲ್ಲ. ಮಗ್ಗದ ಕಂಪನಿ 1952ರಲ್ಲಿ ‘ಪವರ್ ಫ್ರೀ’ ಎಂಬ 36 ಸಿಸಿಯ ಎಂಜಿನ್ನನ್ನು ಸೈಕಲ್ಲಿಗೆ ಕೂರಿಸಿತು. ಯುದ್ಧಕಾಲದಲ್ಲಿ ವಿಮಾನದ ಪ್ರೊಪೆಲ್ಲರುಗಳನ್ನು ತಯಾರಿಸಿದ್ದ ವಾದ್ಯದ ಕಂಪನಿ, ಆ ಯಂತ್ರೋಪಕರಣಗಳಿಗೆ ಹೊಸ ಕೆಲಸ ಹುಡುಕಿ 1955ರಲ್ಲಿ 125 ಸಿಸಿಯ ವೈಎ-1 ಹೊರತಂದಿತು. ಜರ್ಮನಿಯ ಡಿಕೆಡಬ್ಲ್ಯು ಬೈಕಿನ ಮಾದರಿಯನ್ನು ಅನುಸರಿಸಿದ ಅದರ ತೆಳುವಾದ ಮೈಕಟ್ಟು, ಕೆಂಗಂದು ಬಣ್ಣ ನೋಡಿ ಜನ ‘ಅಕಾತೊಂಬೊ’, ಅಂದರೆ ಕೆಂಪು ಏರೋಪ್ಲೇನ್ ಚಿಟ್ಟೆ, ಎಂದು ಕರೆದರು. ಅದೇ ವರ್ಷ ಫ್ಯೂಜಿ ಪರ್ವತದ ಏರುರಸ್ತೆಯ ಪಂದ್ಯದಲ್ಲಿ ತನ್ನ ವರ್ಗದ ಗೆಲುವು ಅದರದಾಯಿತು.

ಸಣ್ಣತನ ಕೊರತೆಯಿಂದ ಹುಟ್ಟಿತು ಎನ್ನುವುದು ಕತೆಯ ಮೊದಲರ್ಧ. ಆ ಸಣ್ಣತನ ಒಂದು ವಿಚಾರವಾಗಿ ಬೆಳೆದದ್ದು ಎರಡನೆಯ ಅರ್ಧ. ಹೋಂಡಾ ಸಂಸ್ಥೆಯ ವ್ಯವಹಾರ ನೋಡಿಕೊಳ್ಳುತ್ತಿದ್ದ ತಾಕೆಯೊ ಫುಜಿಸಾವಾ ಮೋಟಾರ್‌ಸೈಕಲ್ ವ್ಯಾಪಾರಿಗಳನ್ನು ನೆಚ್ಚಿಕೊಳ್ಳದೆ, 1952ರಲ್ಲಿ ದೇಶದ ಐವತ್ತು ಸಾವಿರಕ್ಕೂ ಹೆಚ್ಚು ಸೈಕಲ್ ಅಂಗಡಿಗಳಿಗೆ ಪತ್ರ ಬರೆಸಿದ್ದ. ತನ್ನ ಗಿರಾಕಿ ಯಾರೆಂಬುದು ಅವನಿಗೆ ಗೊತ್ತಿತ್ತು. 1956ರಲ್ಲಿ ಹೋಂಡಾ ಮತ್ತು ಫುಜಿಸಾವಾ ಯೂರೋಪಿನ ಪ್ರವಾಸ ಮಾಡಿ ಅಲ್ಲಿನ ಮೊಪೆಡ್ಡುಗಳನ್ನು ನೋಡಿಬಂದರು. ಹೊಸ ವಾಹನವನ್ನು, ಒಂದು ಕೈಯಲ್ಲಿ ಸೋಬಾ ಶಾವಿಗೆಯ ತಟ್ಟೆಗಳನ್ನು ಎತ್ತಿಹಿಡಿದ ಹೋಟೆಲ್ ಹುಡುಗ ಇನ್ನೊಂದೇ ಕೈಯಲ್ಲಿ ಓಡಿಸುವಂತಿರಬೇಕು ಎಂಬ ಷರತ್ತು ಆ ಯೋಜನೆಗಿತ್ತು. ಎಡಗೈಗೆ ಬಿಡುವು ಸಿಗಬೇಕಾದರೆ ಕ್ಲಚ್ ಲಿವರ್ ಇರಕೂಡದು. ಹಾಗಾಗಿ ಕಾಲಿನಿಂದಲೇ ಗೇರು ಬದಲಿಸುವ ಸ್ವಯಂಚಾಲಿತ ಕ್ಲಚ್ ಬಂತು. ಕೆಟ್ಟ ರಸ್ತೆಗೆಂದು ಹದಿನೇಳು ಇಂಚಿನ ಚಕ್ರ, ಕೆಸರು ಸಿಡಿಯದಿರಲೆಂದು ಪ್ಲಾಸ್ಟಿಕ್ಕಿನ ಮುಂಗವಚ, ನಿಲುವಂಗಿ ತೊಟ್ಟವರೂ ಸಲೀಸಾಗಿ ಹತ್ತಲೆಂದು ತಗ್ಗಿದ ನಡುಭಾಗ. 1958ರ ಆಗಸ್ಟಿನಲ್ಲಿ 49 ಸಿಸಿಯ ಸೂಪರ್ ಕಬ್ 55,000 ಯೆನ್ ಬೆಲೆಗೆ ಮಾರುಕಟ್ಟೆಗೆ ಬಂತು. ಶಾವಿಗೆ ಅಂಗಡಿಯವರು, ಪತ್ರಿಕೆ ಹಂಚುವವರು, ಅಂಚೆಯವರು ಅದನ್ನು ತಮ್ಮದಾಗಿಸಿಕೊಂಡರು. 2017ರಲ್ಲಿ ಆ ಸರಣಿಯ ಒಟ್ಟು ತಯಾರಿಕೆ ಹತ್ತು ಕೋಟಿ ಮುಟ್ಟಿತು. ಜಗತ್ತಿನ ಬೇರಾವ ಮೋಟಾರು ವಾಹನಕ್ಕೂ ಆ ಸಂಖ್ಯೆ ದಕ್ಕಿಲ್ಲ.

ಬಡ ಶಾವಿಗೆ ಅಂಗಡಿಯ ಬಾಗಿಲಲ್ಲಿ ನಿಂತ ಇದೇ ಜಾಣ್ಮೆ ಪಂದ್ಯದ ಕಣದಲ್ಲೂ ಬೆಳೆಯುತ್ತಿತ್ತು. 1959ರಲ್ಲಿ ಹೋಂಡಾ ತಂಡ ಬ್ರಿಟನ್ನಿನ ಬಳಿಯ ಐಲ್ ಆಫ್ ಮ್ಯಾನ್ ದ್ವೀಪದ ಟಿಟಿ ಪಂದ್ಯಕ್ಕೆ ಹೋಗಿ 125 ಸಿಸಿ ವರ್ಗದಲ್ಲಿ ಆರನೆಯ ಸ್ಥಾನ ಪಡೆಯಿತು. ಎರಡೇ ವರ್ಷಗಳಲ್ಲಿ, 1961ರಲ್ಲಿ, 125 ಮತ್ತು 250 ಸಿಸಿ ವರ್ಗಗಳೆರಡನ್ನೂ ಗೆದ್ದಿತು. ಅದೇ ವರ್ಷ ಪೂರ್ವ ಜರ್ಮನಿಯ ಸವಾರ ಅರ್ನ್ಸ್ಟ್ ಡೆಗ್ನರ್ ತನ್ನ ದೇಶ ತೊರೆದು ಸುಜುಕಿ ಸೇರಿದ. ಎಂಜೆಡ್ ಕಾರ್ಖಾನೆಯ ಎಂಜಿನಿಯರ್ ವಾಲ್ಟರ್ ಕಾಡನ್ ಕಂಡುಕೊಂಡಿದ್ದ ಟು-ಸ್ಟ್ರೋಕ್ ರಹಸ್ಯಗಳು ಅವನೊಡನೆ ಜಪಾನಿಗೆ ಬಂದವು. ಸೈಲೆನ್ಸರಿನೊಳಗೆ ಹಿಂದೆ ಮುಂದೆ ಚಲಿಸುವ ಒತ್ತಡದ ಅಲೆಗಳನ್ನೇ ಬಳಸಿಕೊಂಡು, ಹೊರಗೆ ತಪ್ಪಿಸಿಕೊಳ್ಳುತ್ತಿದ್ದ ಪೆಟ್ರೋಲ್ ಮಿಶ್ರಣವನ್ನು ಮತ್ತೆ ಸಿಲಿಂಡರಿಗೆ ನೂಕುವುದು ಆ ರಹಸ್ಯಗಳಲ್ಲಿ ಮುಖ್ಯವಾದದ್ದು. 1962ರಲ್ಲಿ ಮೊದಲ ಬಾರಿಗೆ ನಡೆದ 50 ಸಿಸಿ ವಿಶ್ವ ಚಾಂಪಿಯನ್‌ಷಿಪ್ಪನ್ನು ಡೆಗ್ನರ್ ಸುಜುಕಿಗೆ ಗೆದ್ದುಕೊಟ್ಟ. ನಮ್ಮ ಊರುಗಳ ನೂರು ಸಿಸಿ ಬೈಕುಗಳಲ್ಲಿದ್ದ ಚುರುಕಿನ ಹಿಂದೆ ಈ ಚರಿತ್ರೆಯೂ ಇದೆ.

ಭಾರತಕ್ಕೆ ಈ ಯಂತ್ರಗಳು ಬಂದದ್ದು ತಡವಾಗಿ. 1980ರ ದಶಕದ ಆರಂಭದವರೆಗೆ ನಮಗಿದ್ದ ಆಯ್ಕೆ ಕಡಿಮೆ. ಚೆನ್ನೈನ ಬುಲೆಟ್, ಫರೀದಾಬಾದಿನ ರಾಜ್‌ದೂತ್, ಕನ್ನಡಿಗರ ಹೆಮ್ಮೆಯಾದ ಮೈಸೂರಿನ ಐಡಿಯಲ್ ಜಾವಾ ಕಾರ್ಖಾನೆಯ ಜಾವಾ ಮತ್ತು ಯೆಜ್ಡಿ, ಇಲ್ಲವೇ ಹೆಸರು ಬರೆಸಿ ವರ್ಷಗಟ್ಟಲೆ ಕಾಯಬೇಕಾದ ಸ್ಕೂಟರ್. ವಿದೇಶಿ ಸಹಯೋಗಕ್ಕೆ ಸರ್ಕಾರ ಬಾಗಿಲು ತೆರೆದಾಗ ಜಪಾನಿನ ನಾಲ್ಕೂ ಸಂಸ್ಥೆಗಳು ಎರಡು ಮೂರು ವರ್ಷಗಳ ಅಂತರದಲ್ಲಿ ಒಳಬಂದವು. ಬೆಂಗಳೂರಿನ ಗಡಿಯಾಚೆಯ ಹೊಸೂರಿನಲ್ಲಿ 1984ರಲ್ಲಿ ಇಂಡ್-ಸುಜುಕಿ, ಹರಿಯಾಣದ ಧಾರುಹೇಡಾದಲ್ಲಿ 1985ರಲ್ಲಿ ಹೀರೋ ಹೋಂಡಾ ಸಿಡಿ 100, ಎಸ್ಕಾರ್ಟ್ಸ್ ಸಂಸ್ಥೆಯ ಸಹಯೋಗದಲ್ಲಿ ಅದೇ ವರ್ಷ ಆರ್‌ಎಕ್ಸ್ 100, ಪುಣೆಯ ಬಳಿಯ ಆಕುರ್ಡಿಯ ಬಜಾಜ್‌ನಿಂದ 1986ರಲ್ಲಿ ಕವಾಸಾಕಿ ಕೆಬಿ 100. ಇವುಗಳಲ್ಲಿ ಹೋಂಡಾ ಒಂದೇ ಫೋರ್-ಸ್ಟ್ರೋಕ್. ಪೆಟ್ರೋಲ್ ತುಂಬಿಸಿ ಮರೆತುಬಿಡಬಹುದೆಂಬ ಅದರ ಜಾಹೀರಾತು ಸಂಬಳದಲ್ಲಿ ತಿಂಗಳು ತೂಗಿಸುವ ಮನೆಗಳಿಗೆ ನೇರವಾಗಿ ತಲುಪಿತು. ಬ್ಯಾಂಕಿನ ಗುಮಾಸ್ತ, ಶಾಲೆಯ ಮೇಷ್ಟ್ರು, ಔಷಧ ಕಂಪನಿಯ ಪ್ರತಿನಿಧಿ, ಹಾಲಿನ ಕ್ಯಾನು ಹೇರುವ ರೈತ, ಇವರೆಲ್ಲ ಮೊದಲ ಬಾರಿಗೆ ಬಸ್ಸಿನ ವೇಳಾಪಟ್ಟಿಯಿಂದ ಬಿಡುಗಡೆ ಪಡೆದರು.

ಇವನ್ನು ಓಡಿಸುವ ಸುಖ ಎಂಥದ್ದು? ಧಾರವಾಡದ ನಮ್ಮ ಮನೆಯಲ್ಲಿ 1991ರ ಆರ್‌ಎಕ್ಸ್ 100 ಇಂದಿಗೂ ಇದೆ. ರಜೆಗೆ ಹೋದಾಗಲೆಲ್ಲ ಹಳಿಯಾಳದ ರಸ್ತೆಯಲ್ಲಿ ಒಂದಷ್ಟು ದೂರ ಓಡಿಸುವುದು ನನ್ನ ವಾಡಿಕೆ. ಅದರ ಎಂಜಿನ್ 98 ಸಿಸಿ, ಶಕ್ತಿ ಹನ್ನೊಂದು ಅಶ್ವಶಕ್ತಿ, ತೂಕ ನೂರು ಕಿಲೋದ ಆಸುಪಾಸು. ಅರವತ್ತೈದು ಕಿಲೋದ ಸವಾರ ಕುಳಿತರೆ ಒಟ್ಟು ಭಾರದಲ್ಲಿ ಮೂರನೆಯ ಒಂದು ಪಾಲಿಗಿಂತ ಹೆಚ್ಚು ಅವನದೇ ಆಗುತ್ತದೆ. ಆದ್ದರಿಂದ ತಿರುವಿನಲ್ಲಿ ಹ್ಯಾಂಡಲ್ ತಿರುಗಿಸಬೇಕಾದ್ದಿಲ್ಲ, ಮೈ ವಾಲಿಸಿದರೆ ಬೈಕು ವಾಲುತ್ತದೆ. ಟು-ಸ್ಟ್ರೋಕ್ ಎಂಜಿನ್ನಿಗೆ ಕಡಿಮೆ ವೇಗದಲ್ಲಿ ಕಸುವು ಸಾಲದು, ತಿರುಗುವ ವೇಗ ಏರಿದಾಗ ಒಮ್ಮೆಲೆ ಮೈದುಂಬುತ್ತದೆ. ಏರು ಬರುವ ಮೊದಲೇ ಗೇರು ಇಳಿಸಿ ಆ ಹದ ಕಾಯ್ದುಕೊಳ್ಳಬೇಕು. ದೊಡ್ಡ ಬೈಕಿನ ಶಕ್ತಿಯಲ್ಲಿ ಬಹುಪಾಲು ಬಳಕೆಯಾಗದೆ ಉಳಿಯುತ್ತದೆ. ಇಲ್ಲಿ ಇರುವಷ್ಟನ್ನೂ ಬಳಸಲೇಬೇಕು, ಹಾಗಾಗಿ ಗಂಟೆಗೆ ಐವತ್ತು ಕಿಲೋಮೀಟರಿನಲ್ಲೇ ಸವಾರನ ಗಮನಕ್ಕೆಲ್ಲ ಕೆಲಸವಿರುತ್ತದೆ. ಪ್ಲಗ್ಗಿಗೆ ಮಸಿ ಹಿಡಿದರೆ ಕಿವಿಗೆ ತಿಳಿಯುತ್ತದೆ. ಪ್ಲಗ್ ಪಾನಾ, ತಂತಿಯ ಬ್ರಷ್, ಒಂದು ಚಿಂದಿ ಬಟ್ಟೆ ಇದ್ದರೆ ಮರದ ನೆರಳಲ್ಲಿ ಹತ್ತು ನಿಮಿಷದ ಕೆಲಸ. ಕಮ್ಮಾರನ ಮಗನೂ ವಾದ್ಯ ರಿಪೇರಿ ಮಾಡಿದವನೂ ಮಗ್ಗದವನೂ ಕಟ್ಟಿದ ಪರಂಪರೆಯ ಯಂತ್ರವನ್ನು ಅದರ ಒಡೆಯ ತಾನೇ ಬಿಚ್ಚಿ ನೋಡಬಹುದಿತ್ತು.

ಆದರೆ ಟು-ಸ್ಟ್ರೋಕಿನ ದೋಷವನ್ನು ಮರೆಮಾಚುವಂತಿಲ್ಲ. ಸುಡದ ಪೆಟ್ರೋಲಿನ ಒಂದು ಪಾಲು, ಸುಟ್ಟ ಎಣ್ಣೆಯ ಜೊತೆ ಅದರ ಹೊಗೆಯಲ್ಲಿ ಹೊರಬೀಳುತ್ತದೆ. ಹೊರಸೂಸುವಿಕೆಯ ನಿಯಮಗಳು 1996ರಲ್ಲೂ 2000ದಲ್ಲೂ ಬಿಗಿಗೊಂಡದ್ದು ನ್ಯಾಯವೇ. ಆರ್‌ಎಕ್ಸ್ 100ರ ತಯಾರಿಕೆ 1996ರಲ್ಲಿ ನಿಂತಿತು. ಮೈಸೂರಿನ ಜಾವಾ ಕಾರ್ಖಾನೆಯೂ ಅದೇ ವರ್ಷ ಮುಚ್ಚಿತು. ದೆಹಲಿಯ ಚಳಿಗಾಲದಲ್ಲಿ ಮಕ್ಕಳನ್ನು ಶಾಲೆಗೆ ಕಳುಹಿಸುವ ಯಾರೂ ಹಳೆಯ ಬೈಕುಗಳೆಲ್ಲ ಮತ್ತೆ ದಿನನಿತ್ಯ ಓಡಲಿ ಎಂದು ಕೇಳಲಾರರು. ಜಪಾನಿನಲ್ಲೇ ಹೊಸ ನಿಯಮಗಳ ಕಾರಣಕ್ಕೆ ಐವತ್ತು ಸಿಸಿಯ ಸೂಪರ್ ಕಬ್ 2025ರಲ್ಲಿ ಕೊನೆಗೊಂಡಿತು.

ಕೇಳಬೇಕಾದದ್ದು ಬೇರೆಯೇ ಇದೆ. ಯಾವುದನ್ನು ಉಳಿಸಿಕೊಳ್ಳಬೇಕೆಂಬುದನ್ನು ಯಾರು, ಹೇಗೆ ನಿರ್ಧರಿಸಬೇಕು? ಅರಮನೆಯ ರೋಲ್ಸ್ ರಾಯ್ಸ್ ಐವತ್ತು ವರ್ಷ ದಾಟಿತು, ಏಕೆಂದರೆ ಅದಕ್ಕೊಂದು ಮೋಟಾರುಖಾನೆಯಿತ್ತು, ಒರೆಸುವ ಆಳಿದ್ದ. ಗುಮಾಸ್ತನ ಬೈಕು ಬಿಸಿಲು ಮಳೆಯಲ್ಲಿ ನಿಂತಿತು, ಮಗನಿಗೆ ಹೋಯಿತು, ಹಾಲಿನವನಿಗೆ ಮಾರಾಟವಾಯಿತು, ಕೊನೆಗೆ ಗುಜರಿ ಸೇರಿತು. ಬಳಕೆಯಾದದ್ದೇ ಅದರ ಅಪರಾಧ. ಉಳಿದ ಬೈಕಿಗೂ ದಾರಿ ಸುಲಭವಿಲ್ಲ. ವರ್ಗಾವಣೆಯ ನೌಕರಿಯಲ್ಲಿರುವ ನಮ್ಮಂಥವರಿಗೆ ಇದು ಚೆನ್ನಾಗಿ ಗೊತ್ತು. ರಾಜ್ಯ ಬದಲಾದರೆ ನಿರಾಕ್ಷೇಪಣಾ ಪತ್ರ, ಹೊಸ ನೋಂದಣಿ, ಮತ್ತೆ ರಸ್ತೆ ತೆರಿಗೆ. ರಾಜಧಾನಿಗೆ ವರ್ಗವಾದರಂತೂ ಅದನ್ನು ಊರಿನಲ್ಲೇ ಬಿಟ್ಟುಬರಬೇಕು. ವಿಂಟೇಜ್ ಮಾನ್ಯತೆಗೆ 1985ರ ಬೈಕು 2035ರವರೆಗೆ ಕಾಯಬೇಕು. ಆಗ ಹೊಸ ನೋಂದಣಿಯ ಶುಲ್ಕ ಇಪ್ಪತ್ತು ಸಾವಿರ ರೂಪಾಯಿ, ರೋಲ್ಸ್ ರಾಯ್ಸಿಗೂ ಅಷ್ಟೇ, ಸಿಡಿ 100ಕ್ಕೂ ಅಷ್ಟೇ.

ಹೊರದೇಶಗಳಲ್ಲಿ ಈ ಗೆರೆ ಬೇರೆಡೆ ಇದೆ. ಹಳೆಯ ವಾಹನಗಳ ಅಂತರರಾಷ್ಟ್ರೀಯ ಒಕ್ಕೂಟವಾದ ‘ಫೀವಾ’ ಮೂವತ್ತು ವರ್ಷ ತುಂಬಿದ ವಾಹನವನ್ನು ಚಾರಿತ್ರಿಕವೆಂದು ಪರಿಗಣಿಸುತ್ತದೆ. ಜರ್ಮನಿಯಲ್ಲೂ ಮೂವತ್ತು ವರ್ಷಕ್ಕೆ ಪ್ರತ್ಯೇಕ ನಂಬರ್ ಪ್ಲೇಟ್ ಸಿಗುತ್ತದೆ. ನಮ್ಮಲ್ಲೂ ವಯಸ್ಸಿನ ಮಿತಿಯನ್ನು ಮೂವತ್ತಕ್ಕೆ ಇಳಿಸಿ, ದಿನನಿತ್ಯದ ಓಡಾಟವನ್ನು ಈಗಿನಂತೆಯೇ ನಿರ್ಬಂಧಿಸಿ, ಸಣ್ಣ ವಾಹನಗಳಿಗೆ ಶುಲ್ಕ ತಗ್ಗಿಸಿದರೆ ಗಾಳಿಗೆ ಆಗುವ ಹಾನಿ ಅಲ್ಪ, ಚರಿತ್ರೆಗೆ ಆಗುವ ಲಾಭ ದೊಡ್ಡದು. ಮಧ್ಯಮ ವರ್ಗವೊಂದು ತನ್ನ ಕಾಲ ಮೇಲೆ ನಿಂತ ದಶಕದ ದಾಖಲೆಗಳು ಅವು.

ಜಪಾನಿನ ಮೊತೆಗಿಯಲ್ಲಿ ಹೋಂಡಾ ಸಂಸ್ಥೆಯ ಸಂಗ್ರಹಾಲಯವಿದೆ. ಅಲ್ಲಿನ ಹಳೆಯ ಯಂತ್ರಗಳಲ್ಲಿ ಬಹಳಷ್ಟನ್ನು ಓಡುವ ಸ್ಥಿತಿಯಲ್ಲೇ ಕಾಪಾಡುತ್ತಾರೆ, ಏಕೆಂದರೆ ನಿಂತ ಎಂಜಿನ್ ತನ್ನ ಕತೆಯನ್ನು ಅರ್ಧವಷ್ಟೇ ಹೇಳುತ್ತದೆ. ನಮ್ಮಲ್ಲಿ ಆ ಕೆಲಸವನ್ನು ಈಗ ಮಾಡುತ್ತಿರುವವರು ದೆಹಲಿಯ ಕರೋಲ್‌ಬಾಗ್, ಪುಣೆಯ ನಾನಾ ಪೇಟೆ, ಚೆನ್ನೈನ ಪುದುಪೇಟೆ, ಬೆಂಗಳೂರಿನ ಜೆ.ಸಿ. ರಸ್ತೆಯ ಬಿಡಿಭಾಗದ ಅಂಗಡಿಗಳವರು ಮತ್ತು ಮೆಕ್ಯಾನಿಕ್ಕುಗಳು. ಕಾರ್ಬುರೇಟರಿನ ತಿರುಪನ್ನು ಎಷ್ಟು ಸುತ್ತು ತೆರೆಯಬೇಕೆಂದು ಸದ್ದು ಕೇಳಿಯೇ ಹೇಳಬಲ್ಲವರು ಅವರಲ್ಲಿದ್ದಾರೆ. ಅವರಲ್ಲಿ ಅನೇಕರಿಗೆ ಈಗ ಅರವತ್ತು ದಾಟಿದೆ. 2035ರವರೆಗೆ ಬೈಕು ಕಾಯಬಹುದು, ಅವರು ಕಾಯುವಂತಿಲ್ಲ.